ಬೇಲಿಯಾಚೆಗಿನ ಒಂದು ಸೊನ್ನೆ

1995ರ ಜೂನ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಕಡೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ 431 ರೂಪಾಯಿ ತಾಳೆಯಾಗಲಿಲ್ಲ. ಹೊರಗೆ ಮಲೆನಾಡಿನ ಮಳೆ ಹಿಡಿದು ಕೂತಿತ್ತು. ಒಳಗೆ ಲೆಕ್ಕ ಪರಿಶೋಧಕರು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಕ್ಕಿದ ಉದ್ದನೆಯ ಕಾಗದವನ್ನು ಮೇಜಿನ ತುಂಬ ಹರಡಿಕೊಂಡು, ಸದಸ್ಯರ ಠೇವಣಿಯ ಮೊತ್ತವನ್ನು ರಸೀತಿ ಪುಸ್ತಕದ ಮೊತ್ತದೊಂದಿಗೆ ಮೂರನೆಯ ಸಲ ಹೋಲಿಸುತ್ತಿದ್ದರು. ಮೂರನೆಯ ಸಲವೂ ಕಂಪ್ಯೂಟರಿನ ಲೆಕ್ಕ 431 ರೂಪಾಯಿ ಕಡಿಮೆಯೇ ಬಂತು.

ತಪ್ಪು ಮೂರು ಖಾತೆಗಳಲ್ಲಿತ್ತು. ಒಬ್ಬ ಸದಸ್ಯರ ಪಾಸ್‌ಪುಸ್ತಕದಲ್ಲಿ 4310 ರೂಪಾಯಿ ಎಂದಿದ್ದರೆ ಕಂಪ್ಯೂಟರು 4096 ಎನ್ನುತ್ತಿತ್ತು. ಇನ್ನೊಬ್ಬರ 2690 ಅಲ್ಲಿ 2560 ಆಗಿತ್ತು. ಮೂರನೆಯವರ 1111 ರೂಪಾಯಿ 1024ಕ್ಕೆ ಇಳಿದಿತ್ತು. ಹಣದ ಪೆಟ್ಟಿಗೆಯಲ್ಲಿ ನಗದು ಸರಿಯಾಗಿಯೇ ಇತ್ತು. ಆದರೆ ಅದರಿಂದ ಸಂಶಯ ಕಡಿಮೆಯಾಗುವ ಬದಲು ಹೆಚ್ಚಿತು. ಕೇಳುವವರಿಲ್ಲದ ಖಾತೆಗಳಲ್ಲಿ ಅಷ್ಟಿಷ್ಟು ಕಡಿಮೆ ತೋರಿಸಿ, ಉಳಿಕೆಯಾದದ್ದನ್ನು ಮುಂದೊಂದು ದಿನ ಮೆಲ್ಲಗೆ ಎತ್ತುವ ಹಂಚಿಕೆಯನ್ನು ಸಹಕಾರಿ ಸಂಘಗಳ ಪರಿಶೋಧಕರು ಕಂಡು ಬಲ್ಲರು. ಖಾತೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವರು ಒಬ್ಬರೇ. ಇಪ್ಪತ್ತೆಂಟು ವರ್ಷ ಅದೇ ಸಂಘದಲ್ಲಿ ರೋಜುಕೀರ್ದಿ ಬರೆದಿದ್ದ ಗುಮಾಸ್ತರು. ಊರಿನವರೆಲ್ಲ ಅವರನ್ನು ರಾಯರು ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಆ ಕಂಪ್ಯೂಟರಿನ ಪ್ರೋಗ್ರಾಮನ್ನು ಬರೆದವನು ನಾನು. ಎಂಜಿನಿಯರಿಂಗ್ ಮುಗಿಸಿ ವರ್ಷವಾಗಿತ್ತು, ವಯಸ್ಸು 23. ಕಾರ್ಯದರ್ಶಿಗಳು ನನ್ನನ್ನು ಕರೆಸಿ, "ನಿಮ್ಮ ಪ್ರೋಗ್ರಾಮು ತಪ್ಪು ಲೆಕ್ಕ ಹಾಕುವುದು ಸಾಧ್ಯವೇ?" ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ, "ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಸಾರ್, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ ಅಷ್ಟೆ" ಎಂದೆ. ರಾಯರು ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಅವರು ಏನೂ ಹೇಳಲಿಲ್ಲ. ಈ ಬರಹ ಆ ಒಂದು ಮಾತಿನ ಇತಿಹಾಸ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ, ಸ್ವಲ್ಪ ದೂರಕ್ಕೆ ಹೋಗಬೇಕಾಗುತ್ತದೆ.

*

ಕಂಪ್ಯೂಟರಿನ ಸ್ಮೃತಿ ಎಂದರೆ ಸಾಲಾಗಿ ಜೋಡಿಸಿದ ಗೂಡುಗಳು. ಹಳೆಯ ಅಂಚೆಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸಿಡುವ ಮರದ ಗೂಡುಗಳಿರುತ್ತಿದ್ದವಲ್ಲ, ಹಾಗೆ. ಒಂದೊಂದಕ್ಕೂ ಒಂದು ಸಂಖ್ಯೆ. ಗೂಡಿನೊಳಗೆ ಇಡುವುದೂ ಸಂಖ್ಯೆಯೇ. ಹೀಗಿರುವಾಗ ಒಂದು ಗೂಡಿನ ವಿಳಾಸವನ್ನೇ ಇನ್ನೊಂದು ಗೂಡಿನಲ್ಲಿ ಬರೆದಿಡುವುದಕ್ಕೆ ಅಡ್ಡಿಯೇನಿದೆ? ಹಾಗೆ ವಿಳಾಸ ಹೊತ್ತ ಗೂಡೇ ಪಾಯಿಂಟರ್. ಅದರಲ್ಲಿ ಹಣವಿಲ್ಲ, ಹೆಸರಿಲ್ಲ. ಹಣವೋ ಹೆಸರೋ ಎಲ್ಲಿದೆ ಎಂಬ ಸುಳಿವು ಮಾತ್ರ ಇದೆ. ವಿಳಾಸ ಸರಿಯಿದ್ದರೆ ಕಾಗದ ತಲುಪುತ್ತದೆ. ತಪ್ಪಿದ್ದರೆ ಯಾರದೋ ಮನೆಗೆ ಹೋಗುತ್ತದೆ. ಅಂಚೆಯವನಾದರೆ ಬಾಗಿಲಲ್ಲಿ ನಿಂತು, "ಇದು ನಿಮ್ಮದಲ್ಲವಲ್ಲ" ಎಂದಾನು. ಕಂಪ್ಯೂಟರು ಹಾಗೆ ಕೇಳಬೇಕಾದರೆ ಕೇಳುವಂತೆ ಯಾರಾದರೂ ಅದಕ್ಕೆ ಹೇಳಿಕೊಟ್ಟಿರಬೇಕು.

ಪ್ರೋಗ್ರಾಮು ಬರೆಯುವುದೂ ತಪ್ಪು ಹುಡುಕುವುದೂ ಜೊತೆಜೊತೆಗೇ ಹುಟ್ಟಿದವು. ಕೇಂಬ್ರಿಜ್ಜಿನಲ್ಲಿ ಎಡ್ಸ್ಯಾಕ್ ಎಂಬ ಯಂತ್ರ 1949ರ ಮೇ 6ರಂದು ಮೊದಲ ಸಲ ಓಡಿತು. ಅದನ್ನು ಕಟ್ಟಿದ ಮಾರಿಸ್ ವಿಲ್ಕ್ಸ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳಿದ್ದಾರೆ. ಯಂತ್ರದ ಕೋಣೆಗೂ ಕಾಗದದ ಪಟ್ಟಿಗೆ ತೂತು ಕೊರೆಯುವ ಉಪಕರಣಕ್ಕೂ ನಡುವೆ ಮೆಟ್ಟಿಲುಗಳಿದ್ದವು. ಅವುಗಳನ್ನು ಹತ್ತಿಳಿಯುತ್ತಿದ್ದಾಗ ಒಂದು ತಿರುವಿನಲ್ಲಿ, ತನ್ನ ಉಳಿದ ಆಯುಷ್ಯದ ದೊಡ್ಡ ಪಾಲು ತಾನೇ ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯುತ್ತದೆ ಎಂಬುದು ಅವರಿಗೆ ಪೂರ್ತಿಯಾಗಿ ಹೊಳೆಯಿತಂತೆ. ಯಂತ್ರಕ್ಕೆ ಆಗ ಇನ್ನೂ ಕೆಲವೇ ತಿಂಗಳು.

ಮೇಲುಸ್ತರದ ಭಾಷೆಗಳಲ್ಲಿ ಪಾಯಿಂಟರು ಕಾಲಿಟ್ಟ ಕಥೆಯಲ್ಲಿ ಸಾಮಾನ್ಯವಾಗಿ ಹೇಳುವ ಹೆಸರು ಹೆರಾಲ್ಡ್ ಲಾಸನ್ ಅವರದು. 1964ರ ಸುಮಾರಿಗೆ ಅವರು ಅದನ್ನು ಪಿಎಲ್/ಒನ್ ಭಾಷೆಗೆ ತಂದರು. ಅದಕ್ಕೂ ಮುಂಚೆಯೇ, 1955ರಲ್ಲಿ, ಕೀವ್ ನಗರದಲ್ಲಿ ಕಟೆರಿನಾ ಯುಶ್ಚೆಂಕೊ ವಿಳಾಸವನ್ನೇ ಕೇಂದ್ರವಾಗಿಟ್ಟುಕೊಂಡು ಒಂದು ಭಾಷೆ ರೂಪಿಸಿದ್ದರು. ಗಡಿಯಾಚೆಯ ಲೋಕಕ್ಕೆ ಅದರ ಸುದ್ದಿ ತಲುಪಿದ್ದು ಕಡಿಮೆ. ನನ್ನ ಕಥೆಗೆ ಬೇಕಾದ ಕವಲು ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದ್ದು. ಕೇಂಬ್ರಿಜ್ಜಿನ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ಮಾಡಿದ ಬಿಸಿಪಿಎಲ್ ಎಂಬ ಭಾಷೆಯನ್ನು ಕತ್ತರಿಸಿ ಚಿಕ್ಕದು ಮಾಡಿ ಕೆನ್ ಥಾಂಪ್ಸನ್ ಅಲ್ಲಿ ಬಿ ಎಂಬ ಭಾಷೆ ಮಾಡಿಕೊಂಡರು. ಬಿ ಭಾಷೆಗೆ ಎಲ್ಲವೂ ಒಂದೇ. ಅಕ್ಷರ, ಅಂಕಿ, ವಿಳಾಸ ಎಂಬ ಜಾತಿಭೇದವಿಲ್ಲ. 1970ರಲ್ಲಿ ಅವರಿಗೆ ಪಿಡಿಪಿ-11 ಎಂಬ ಹೊಸ ಯಂತ್ರ ಬಂತು. ಅದರಲ್ಲಿ ಒಂದೊಂದು ಬೈಟಿಗೂ, ಅಂದರೆ ಒಂದೊಂದು ಅಕ್ಷರದ ಗೂಡಿಗೂ, ಬೇರೆ ವಿಳಾಸ. ಬಿ ಭಾಷೆಯ ಪಾಯಿಂಟರಾದರೋ ಎರಡೆರಡು ಬೈಟುಗಳ ಪದಗಳನ್ನು ಎಣಿಸುವಂಥದ್ದು. ಪ್ರತಿ ಸಲವೂ ಅದನ್ನು ಇದಕ್ಕೆ ಪರಿವರ್ತಿಸುತ್ತ ಕೂರಬೇಕು. ಯಾವ ಪಾಯಿಂಟರು ಯಾವ ಬಗೆಯ ವಸ್ತುವನ್ನು ತೋರಿಸುತ್ತದೆ ಎಂದು ಭಾಷೆಗೇ ಗೊತ್ತಿದ್ದರೆ ಈ ತಾಪತ್ರಯವಿಲ್ಲ. ಡೆನ್ನಿಸ್ ರಿಚಿ 1971 ಮತ್ತು 1973ರ ನಡುವೆ ಬಿ ಭಾಷೆಯನ್ನು ಬೆಳೆಸಿ ಸಿ ಮಾಡಿದ್ದಕ್ಕೆ ಇದೂ ಒಂದು ಕಾರಣವೆಂದು ಅವರೇ ಮುಂದೆ ಬರೆದರು. ಅಂದರೆ ಸಿ ಭಾಷೆಯ ಹುಟ್ಟಿನಲ್ಲೇ ಪಾಯಿಂಟರಿನ ತಕರಾರಿದೆ.

ಆ ಮೊದಲ ದಿನಗಳ ಬಗ್ಗೆ ರಿಚಿ ಬರೆದ ಒಂದು ಸಂಗತಿ ನನಗೆ ತುಂಬ ಇಷ್ಟ. 1971ರ ಉತ್ತರಾರ್ಧದಲ್ಲಿ ಅದೇ ಪಿಡಿಪಿ-11 ಯಂತ್ರದಲ್ಲಿ ಪೇಟೆಂಟ್ ವಿಭಾಗದ ಮೂವರು ಬೆರಳಚ್ಚುಗಾರರು ದಿನವಿಡೀ ಅರ್ಜಿಗಳನ್ನು ಹೊಡೆಯುತ್ತ ಕೂತಿರುತ್ತಿದ್ದರು. ಯಂತ್ರದ ಸ್ಮೃತಿ ಒಟ್ಟು 24 ಕಿಲೋಬೈಟು. ಒಬ್ಬರ ಪ್ರೋಗ್ರಾಮು ಇನ್ನೊಂದರ ಜಾಗಕ್ಕೆ ನುಗ್ಗದಂತೆ ತಡೆಯುವ ಏರ್ಪಾಡು ಆ ಯಂತ್ರದಲ್ಲಿ ಇರಲಿಲ್ಲ. ಪಕ್ಕದಲ್ಲಿ ಕೂತು ಇವರು ಹೊಸ ಪ್ರೋಗ್ರಾಮು ಪರೀಕ್ಷಿಸಬೇಕು. ಒಂದು ವಿಳಾಸ ತಪ್ಪಿದರೆ ಇಡೀ ವ್ಯವಸ್ಥೆ ಕುಸಿದು ಆ ಮೂವರ ಕೆಲಸವೂ ನೀರುಪಾಲಾದೀತು. ಆದ್ದರಿಂದ ಪ್ರತಿ ಪರೀಕ್ಷೆಗೂ ಜಾಗರೂಕತೆ ಬೇಕಿತ್ತು, ಧೈರ್ಯವೂ ಬೇಕಿತ್ತು. ಮನೆಯಲ್ಲಿ ಮಗು ಮಲಗಿರುವಾಗ ಅಟ್ಟದಿಂದ ಪಾತ್ರೆ ಇಳಿಸುವವರ ಎಚ್ಚರ ಅದು. ಸಿ ಭಾಷೆ ಇಂಥ ಮನೆಯಲ್ಲಿ ಬೆಳೆಯಿತು. ಬರೆಯುವವನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿದೆ ಎಂಬುದು ಅದರ ನಂಬಿಕೆ. ಅದನ್ನು ಮಾಡಿದವರ ಮಟ್ಟಿಗೆ ಆ ನಂಬಿಕೆ ಬಹುಪಾಲು ನಿಜವೂ ಆಗಿತ್ತು.

*

ಆ ಭಾಷೆ ಇಪ್ಪತ್ತು ವರ್ಷದ ಬಳಿಕ ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಬಂದಾಗ ನಾವು ಚಪ್ಪಲಿಯನ್ನು ಹೊರಗೆ ಬಿಟ್ಟು ಅದರ ಬಳಿಗೆ ಹೋದೆವು. ಕಂಪ್ಯೂಟರ್ ಪ್ರಯೋಗಾಲಯ ನಮಗೆ ಗರ್ಭಗುಡಿ. ವಾರಕ್ಕೆ ಒಬ್ಬೊಬ್ಬರಿಗೆ ಎರಡು ಗಂಟೆಯ ದರ್ಶನ. ಯಂತ್ರದಲ್ಲಿ ಡಾಸ್, ಅದರ ಮೇಲೆ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ. ಕೈಯಲ್ಲಿ ನಾಗಪುರದ ಯಶವಂತ ಕಾನೇಟ್ಕರರ ಪುಸ್ತಕ. ಬೆಂಗಳೂರಿಗೆ ಹೋದವರು ಅವೆನ್ಯೂ ರಸ್ತೆಯಿಂದ ಅದರ ಹಳೆಯ ಪ್ರತಿಯನ್ನು ಅರ್ಧ ಬೆಲೆಗೆ ತರುತ್ತಿದ್ದರು. ಪಾಯಿಂಟರಿನ ಅಧ್ಯಾಯ ಬಂದಾಗ ತರಗತಿ ಎರಡು ಪಂಗಡವಾಯಿತು: ಅರ್ಥವಾದವರು ಮತ್ತು ಅರ್ಥವಾಗದವರು. ನಾನು ಮೊದಲನೆಯ ಪಂಗಡವೆಂದು ತಿಳಿದುಕೊಂಡಿದ್ದೆ.

ಡಾಸ್ ಯಂತ್ರಕ್ಕೂ ರಿಚಿಯವರ ಮೊದಲ ಯಂತ್ರಕ್ಕೂ ಒಂದು ಸಾಮ್ಯವಿತ್ತು. ಇಲ್ಲಿಯೂ ತಡೆಗೋಡೆಯಿಲ್ಲ. ತಪ್ಪು ವಿಳಾಸಕ್ಕೆ ಬರೆದರೆ ಕೆಲವೊಮ್ಮೆ ಪರದೆಯ ಮೇಲೆ ಬಣ್ಣಬಣ್ಣದ ಚಿಹ್ನೆಗಳ ಜಾತ್ರೆ ನೆರೆಯುತ್ತಿತ್ತು. ಕೆಲವೊಮ್ಮೆ ಕೀಲಿಮಣೆ ಮೂಕವಾಗುತ್ತಿತ್ತು. ಕೆಲವೊಮ್ಮೆ ಏನೂ ಆಗುತ್ತಿರಲಿಲ್ಲ. ಈ ಮೂರನೆಯದೇ ಅಪಾಯದ್ದು ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ಯುನಿಕ್ಸ್ ಇದ್ದ ಉತ್ತಮ ಯಂತ್ರಗಳಲ್ಲಿ ತನ್ನದಲ್ಲದ ಜಾಗ ಮುಟ್ಟಿದ ಪ್ರೋಗ್ರಾಮನ್ನು ವ್ಯವಸ್ಥೆಯೇ ಕೊಂದು, ಅದರ ಸ್ಮೃತಿಯ ಪಡಿಯಚ್ಚನ್ನು ಕೋರ್ ಎಂಬ ಹೆಸರಿನ ಕಡತದಲ್ಲಿ ಇಡುತ್ತಿತ್ತು. ಕಾಂತದ ಚಿಕ್ಕ ಬಳೆಗಳನ್ನು ತಂತಿಯಲ್ಲಿ ಪೋಣಿಸಿ ಸ್ಮೃತಿ ಮಾಡುತ್ತಿದ್ದ ಕಾಲದ ಹೆಸರು ಅದು. ಬಳೆಗಳು ಹೋದರೂ ಹೆಸರು ಉಳಿಯಿತು. ಆ ಹೆಣವನ್ನು ಕೊಯ್ದು ನೋಡಿದರೆ ಸಾವಿನ ಕಾರಣ ತಿಳಿಯುತ್ತಿತ್ತು. ಡಾಸಿನಲ್ಲಿ ಹೆಣವೂ ಸಿಗುವುದಿಲ್ಲ.

ಟರ್ಬೊ ಸಿ ಒಂದೇ ಒಂದು ಎಚ್ಚರಿಕೆ ಕೊಡುತ್ತಿತ್ತು. ಪ್ರೋಗ್ರಾಮು ಮುಗಿದ ಮೇಲೆ ಕೆಲವೊಮ್ಮೆ ಪರದೆಯ ಮೇಲೆ "ನಲ್ ಪಾಯಿಂಟರ್ ಅಸೈನ್‌ಮೆಂಟ್" ಎಂಬ ಸಾಲು ಮೂಡುತ್ತಿತ್ತು. ಅದರ ಗುಟ್ಟು ಮೋಜಿನದು. ದತ್ತಾಂಶದ ಜಾಗದ ತೀರ ಮೊದಲಲ್ಲಿ, ಸೊನ್ನೆಯ ವಿಳಾಸದ ಬಳಿ, ಬೋರ್ಲ್ಯಾಂಡಿನವರು ತಮ್ಮ ಹಕ್ಕುಸ್ವಾಮ್ಯದ ಸಾಲನ್ನು ಇಟ್ಟಿದ್ದರು. ಚಿಕ್ಕ ಗಾತ್ರದ ಪ್ರೋಗ್ರಾಮುಗಳಲ್ಲಿ ಕೊನೆಗೆ ಆ ಜಾಗವನ್ನೆಲ್ಲ ಕೂಡಿ ನೋಡುತ್ತಿದ್ದರು. ಮೊತ್ತ ಬದಲಾಗಿದ್ದರೆ ಯಾವುದೋ ಪಾಯಿಂಟರು ವಿಳಾಸವಿಲ್ಲದೆ ಸೊನ್ನೆಯಲ್ಲಿ ಬರೆದಿದೆ ಎಂದು ಅರ್ಥ. ಯಾವುದು, ಯಾವಾಗ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಬೆಳಿಗ್ಗೆ ಎದ್ದು ಅಂಗಳದ ರಂಗೋಲಿ ಕೆದರಿದ್ದನ್ನು ಕಂಡು ರಾತ್ರಿ ಯಾರೋ ಬಂದಿದ್ದರು ಎಂದು ತಿಳಿಯುವ ಹಾಗೆ. ನಾವು ಆ ಸಾಲನ್ನು ಕಂಡರೆ ಪರೀಕ್ಷಕರು ನೋಡುವ ಮುಂಚೆ ಪರದೆ ಅಳಿಸುವುದನ್ನು ಕಲಿತಿದ್ದೆವು.

ನಾನು ಸಂಘಕ್ಕೆ ಪ್ರೋಗ್ರಾಮು ಬರೆದದ್ದು ಇಂಥ ವಿದ್ಯೆಯಿಂದ.

*

ಕಾರ್ಯದರ್ಶಿಗಳ ಮುಂದೆ ದೊಡ್ಡ ಮಾತಾಡಿ ಬಂದರೂ ಒಳಗೊಳಗೆ ಅಳುಕಿತ್ತು. ಮೂರು ದಿನ ಸಂಘದ ಕಂಪ್ಯೂಟರಿನ ಮುಂದೆ ಕೂತೆ. ಮೊದಲು ಬಡ್ಡಿ ಲೆಕ್ಕ ನೋಡಿದೆ, ಸರಿಯಿತ್ತು. ಕೂಡುವ ಕಳೆಯುವ ಭಾಗ ನೋಡಿದೆ, ಸರಿಯಿತ್ತು. ಟರ್ಬೊ ಸಿಯಲ್ಲಿ ಒಂದೊಂದೇ ಸಾಲನ್ನು ಓಡಿಸಿ ಪ್ರತಿ ಹೆಜ್ಜೆಯಲ್ಲೂ ಮೊತ್ತ ಏನಾಯಿತೆಂದು ನೋಡುವ ಸೌಲಭ್ಯವಿತ್ತು. ಪರೀಕ್ಷೆಗೆಂದು ರಾಮ, ಕೃಷ್ಣ, ಭೀಮ ಎಂಬ ಸದಸ್ಯರನ್ನು ಸೃಷ್ಟಿಸಿ ಅವರಿಂದ ನೂರಾರು ಸಲ ಹಣ ಕಟ್ಟಿಸಿದೆ, ತೆಗೆಸಿದೆ. ಒಂದು ರೂಪಾಯಿಯೂ ತಪ್ಪಲಿಲ್ಲ. ಪ್ರೋಗ್ರಾಮು ನಿರ್ದೋಷಿ ಎಂದು ನನಗೆ ಖಚಿತವಾಗುತ್ತ ಬಂತು. ಅದರ ಅರ್ಥ ಇನ್ನೊಬ್ಬರು ದೋಷಿ ಎಂದು. ಆ ಅರ್ಥವನ್ನು ನಾನು ಪೂರ್ತಿ ಯೋಚಿಸಿರಲಿಲ್ಲ; ಊರು ಯೋಚಿಸಿತ್ತು. ಮೂರನೆಯ ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಹಿಂದಿನ ಮೇಜಿನವರು, "ಇಷ್ಟು ವರ್ಷ ಎಷ್ಟು ಹೊಡೆದಿದ್ದಾನೋ, ಕಂಪ್ಯೂಟರ್ ಬಂದಿದ್ದಕ್ಕೆ ಸಿಕ್ಕಿಬಿದ್ದ" ಎಂದು ಹೇಳಿಕೊಂಡು ನಗುತ್ತಿದ್ದರು.

ಅಂದು ಸಂಜೆ ರಾಯರು ಒಂದು ಹಳೆಯ ನೋಟುಪುಸ್ತಕ ಹಿಡಿದುಕೊಂಡು ಬಂದರು. ಕಂಪ್ಯೂಟರಿಗೆ ಏರಿಸಿದ್ದನ್ನೆಲ್ಲ ದಿನಾಂಕದೊಂದಿಗೆ ಅದರಲ್ಲೂ ಬರೆದಿಡುವುದು ಅವರ ಅಭ್ಯಾಸ. ಯಂತ್ರವನ್ನು ನಂಬದೆ ಅಲ್ಲ, ಇಪ್ಪತ್ತೆಂಟು ವರ್ಷದ ರೂಢಿ.

"ತಮ್ಮಾ, ಒಂದು ಮಾತು. ಸಂಬಂಧ ಇದೆಯೋ ಇಲ್ಲವೋ ನನಗೆ ತಿಳಿಯದು. ಈ ಮೂವರದೂ ಹೆಸರು ತಿದ್ದಿದ್ದೇನೆ. ಬರೀ ಹೆಸರಿದ್ದರೆ ಸಾಲದು, ತಂದೆಯ ಹೆಸರು ಮನೆತನ ಎಲ್ಲ ಸೇರಿಸಿ ಅಂತ ಫೆಬ್ರವರಿಯಲ್ಲಿ ಹೇಳಿದ್ದರಲ್ಲ, ಆಗ."

"ಬೇರೆಯವರದ್ದೂ ತಿದ್ದಿದ್ದೀರಲ್ಲ ರಾಯರೇ?"

"ಹೌದು, ನಲವತ್ತು ಮಂದಿಯದ್ದು. ಅದರಲ್ಲಿ ಈ ಮೂವರೂ ಇದ್ದಾರೆ."

"ಹೆಸರು ತಿದ್ದಿದರೆ ಹಣ ಯಾಕೆ ಕಡಿಮೆಯಾಗುತ್ತದೆ?" ಎಂದು ನಾನು ನಕ್ಕೆ. ಅವರು ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ಕೊಡೆ ತೆಗೆದುಕೊಂಡು ಹೋದರು.

ರಾತ್ರಿ ನಿದ್ದೆ ಬರಲಿಲ್ಲ. 4096, 2560, 1024. ಇವನ್ನು ಮೂರು ದಿನದಿಂದ ರೂಪಾಯಿಗಳೆಂದೇ ನೋಡುತ್ತಿದ್ದೆ. ರೂಪಾಯಿಯೆಂಬುದನ್ನು ಮರೆತು ನೋಡಿದ್ದರೆ ಸಿ ಕಲಿತ ಯಾವ ಹುಡುಗನಿಗೂ ಅವು ಕಣ್ಣಿಗೆ ಹೊಡೆಯಬೇಕು. ಮೂರೂ 256ರ ಗುಣಕಗಳು: ಹದಿನಾರು ಸಲ, ಹತ್ತು ಸಲ, ನಾಲ್ಕು ಸಲ. ಒಂದು ಬೈಟಿನಲ್ಲಿ ಹಿಡಿಯುವುದು 0ಯಿಂದ 255ರ ತನಕ. 256ರ ಗುಣಕವೆಂದರೆ ಸಂಖ್ಯೆಯ ತೀರ ಕೆಳಗಿನ ಬೈಟು ಸೊನ್ನೆ ಎಂದು ಅರ್ಥ. ಯಾರೋ ಮೂರು ಖಾತೆಗಳಲ್ಲಿ ಒಂದೊಂದು ಸೊನ್ನೆ ಇಟ್ಟು ಹೋಗಿದ್ದರು. ಎದ್ದು ದೀಪ ಹಚ್ಚಿ, ರಾಯರು ಬರೆದಿಟ್ಟಿದ್ದ ಆ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು, ಅಕ್ಷರಗಳನ್ನೂ ನಡುವಿನ ಖಾಲಿ ಜಾಗಗಳನ್ನೂ ಎಣಿಸಿದೆ. ಮೊದಲನೆಯದು 20. ಎರಡನೆಯದು 20. ಮೂರನೆಯದೂ 20.

ವಿಷಯವಿಷ್ಟೆ. ಒಬ್ಬೊಬ್ಬ ಸದಸ್ಯನ ದಾಖಲೆಯಲ್ಲಿ ಹೆಸರಿಗೆಂದು ನಾನು 20 ಗೂಡು ಬಿಟ್ಟಿದ್ದೆ. ಅದರ ಬೆನ್ನಿಗೇ ಹಣಕ್ಕೆ 4 ಗೂಡು. ಹೆಸರು 20 ಅಕ್ಷರ ಮೀರಿದರೆ ಸ್ವೀಕರಿಸಬೇಡ ಎಂದು ಪ್ರೋಗ್ರಾಮಿಗೆ ಹೇಳಿದ್ದೆ. ಅದು ನನ್ನ ಜಾಗರೂಕತೆ. ಆದರೆ ಸಿ ಭಾಷೆಯಲ್ಲಿ ಅಕ್ಷರಗಳ ಸಾಲಿನ ಉದ್ದವನ್ನು ಎಲ್ಲಿಯೂ ಬರೆದಿಡುವುದಿಲ್ಲ. ಸಾಲು ಮುಗಿಯಿತೆಂದು ತಿಳಿಸಲು ಕೊನೆಯಲ್ಲಿ ಒಂದು ಸೊನ್ನೆ ಇಡುತ್ತದೆ. ಹೆಸರನ್ನು ನಕಲು ಮಾಡುವ ಪಾಯಿಂಟರು ಒಂದೊಂದೇ ಗೂಡಿಗೆ ಅಕ್ಷರ ಇಡುತ್ತ ನಡೆದು, ಕೊನೆಗೆ ಆ ಸೊನ್ನೆಯನ್ನೂ ಇಟ್ಟೇ ನಿಲ್ಲುತ್ತದೆ. 20 ಅಕ್ಷರದ ಹೆಸರಿಗೆ 21 ಗೂಡು ಬೇಕು. ಇಪ್ಪತ್ತೊಂದನೆಯ ಗೂಡು ಹೆಸರಿನದಲ್ಲ, ಹಣದ್ದು. ಇಂಟೆಲ್ ಯಂತ್ರಗಳು ಸಂಖ್ಯೆಯ ಕೆಳಗಿನ ಬೈಟನ್ನು ಮೊದಲು ಇಡುತ್ತವೆ. ಸೊನ್ನೆ ನೇರ ಅಲ್ಲಿಗೆ ಬಿತ್ತು. 4310ರಲ್ಲಿ 214 ಹೋಯಿತು, 2690ರಲ್ಲಿ 130, 1111ರಲ್ಲಿ 87. ಕೂಡಿದರೆ 431. ಹೆಸರು ತಿದ್ದಿದ ಮೇಲೆ ಆ ಖಾತೆಗಳಲ್ಲಿ ವ್ಯವಹಾರ ನಡೆಯದಿದ್ದುದರಿಂದ ಗಾಯದ ಗುರುತು ಹಾಗೆಯೇ ಉಳಿದಿತ್ತು. ಮೇಲಿನ ಬೈಟನ್ನು ಮೊದಲು ಇಡುವ ಮೊಟೊರೋಲಾ ಬಗೆಯ ಯಂತ್ರವಾಗಿದ್ದರೆ ಆ ಸೊನ್ನೆ ಮೊದಲೇ ಸೊನ್ನೆಯಾಗಿದ್ದ ಜಾಗಕ್ಕೆ ಬಿದ್ದು, ಯಾರಿಗೂ ಏನೂ ತಿಳಿಯದೆ ಹೋಗುತ್ತಿತ್ತು. ನನ್ನ ರಾಮ ಕೃಷ್ಣ ಭೀಮರಿಗೆ ಏನೂ ಆಗದಿದ್ದುದಕ್ಕೆ ಕಾರಣವೂ ಸರಳ: ಅವರಿಗೆ ತಂದೆಯ ಹೆಸರಿರಲಿಲ್ಲ, ಮನೆತನವಿರಲಿಲ್ಲ.

ನಮ್ಮ ಕಡೆ ತೋಟದ ಬೇಲಿ ಹಾಕುವ ಆಳಿಗೂ ಇದು ಗೊತ್ತು. ಇಪ್ಪತ್ತು ಅಂಕಣದ ಬೇಲಿಗೆ ಇಪ್ಪತ್ತೊಂದು ಗೂಟ ಬೇಕು. ಕೊನೆಯ ಗೂಟಕ್ಕೆ ಜಾಗ ಬಿಡದಿದ್ದರೆ ಅದನ್ನು ಪಕ್ಕದವರ ತೋಟದಲ್ಲಿ ಹುಗಿಯಬೇಕಾಗುತ್ತದೆ.

*

ಈ ತಪ್ಪು ಜಗತ್ತಿಗೆ ಹೊಸದಲ್ಲ ಎಂಬುದು ನನಗೆ ಮುಂದೆ ತಿಳಿಯಿತು. ನಾನು ಪಿಯುಸಿ ಓದುವ ಕಾಲಕ್ಕೇ, 1988ರ ನವೆಂಬರ್ 2ರಂದು, ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ತಾನೇ ತಾನಾಗಿ ಹರಡುವ ಒಂದು ಪ್ರೋಗ್ರಾಮನ್ನು ಅಂತರಜಾಲಕ್ಕೆ ಬಿಟ್ಟಿದ್ದ. ಅದು ನುಸುಳಿದ ಹಲವು ಸಂದಿಗಳಲ್ಲಿ ಒಂದು ಇದೇ ಬಗೆಯದು. ಯಾರು ಎಲ್ಲಿದ್ದಾರೆಂದು ಹೇಳುವ ಫಿಂಗರ್ ಎಂಬ ಸೇವೆ, ಬಂದ ಪ್ರಶ್ನೆಯನ್ನು ಇಡಲು 512 ಬೈಟು ಜಾಗ ಮಾಡಿಕೊಂಡಿತ್ತು. ಓದಲು ಬಳಸಿದ್ದು ಗೆಟ್ಸ್ ಎಂಬ ಸಿ ಭಾಷೆಯ ಸಿದ್ಧ ಉಪಕರಣ. ಎಷ್ಟು ಜಾಗವಿದೆಯೆಂದು ಗೆಟ್ಸ್ ಕೇಳುವುದೇ ಇಲ್ಲ. ಮಾರಿಸನ ಪ್ರೋಗ್ರಾಮು 536 ಬೈಟು ಕಳಿಸಿತು. ಮೀರಿದ ಬೈಟುಗಳು ಪಕ್ಕದ ಗೂಡುಗಳಿಗೆ ನುಗ್ಗಿ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಬರೆದಿದ್ದ ವಿಳಾಸವನ್ನೇ ತಿದ್ದಿದವು. ಯಂತ್ರ ಮನೆಗೆ ಮರಳುವ ಬದಲು ಕಳ್ಳನ ಮನೆಗೆ ಹೋಯಿತು. ಸುಮಾರು 6000 ಯಂತ್ರಗಳು ಸಿಕ್ಕಿಬಿದ್ದವೆಂಬುದು ಆಗಿನ ಅಂದಾಜು. ಮಾರಿಸನಿಗೆ ಮೂರು ವರ್ಷದ ನಿಗಾವಣೆ, 400 ಗಂಟೆಯ ಸಮುದಾಯ ಸೇವೆ ಮತ್ತು ದಂಡದ ಶಿಕ್ಷೆಯಾಯಿತು. ಗೆಟ್ಸ್‌ಗೆ ಶಿಕ್ಷೆಯಾಗಲು ಇನ್ನೂ ತಡವಾಯಿತು. 2011ರ ಸಿ ಮಾನಕದಲ್ಲಿ ಅದನ್ನು ತೆಗೆದುಹಾಕಿದರು.

ಹುಡುಕುವ ಉಪಕರಣಗಳೂ ಬೆಳೆದವು. ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1978ರಲ್ಲೇ ಲಿಂಟ್ ಬರೆದಿದ್ದರು. ಬಟ್ಟೆಗೆ ಅಂಟಿದ ನೂಲಿನ ಚೂರುಗಳನ್ನು ಹೆಕ್ಕುವಂತೆ ಪ್ರೋಗ್ರಾಮಿನಲ್ಲಿರುವ ಅನುಮಾನಾಸ್ಪದ ಸಾಲುಗಳನ್ನು ಅದು ಹೆಕ್ಕುತ್ತಿತ್ತು. ಆದರೆ ಪಾಯಿಂಟರಿನ ತಪ್ಪು ಹೆಚ್ಚಾಗಿ ಬರಹದಲ್ಲಿ ಕಾಣುವುದಿಲ್ಲ, ಓಟದಲ್ಲಿ ಕಾಣುತ್ತದೆ. ಅದೂ ತಪ್ಪಿದ ಜಾಗದಲ್ಲಿ ಅಲ್ಲ, ಬೇರೆಲ್ಲೋ. ಹಲ್ಲು ಹುಳುಕಾದರೆ ಕಿವಿ ನೋಯುವ ಹಾಗೆ. 1987ರಲ್ಲಿ ಬ್ರೂಸ್ ಪೆರೆನ್ಸ್ ಎಂಬವರು ಎಲೆಕ್ಟ್ರಿಕ್ ಫೆನ್ಸ್ ಮಾಡಿದರು, ಹೆಸರೇ ಹೇಳುವಂತೆ ವಿದ್ಯುತ್ ಬೇಲಿ. ಕೇಳಿ ಪಡೆದ ಪ್ರತಿ ತುಂಡು ಜಾಗದ ಪಕ್ಕದಲ್ಲೂ ಮುಟ್ಟಬಾರದ ಒಂದು ಪುಟವನ್ನು ಅದು ಇಡುತ್ತಿತ್ತು. ಪಾಯಿಂಟರು ಗೆರೆ ದಾಟಿದ ಕ್ಷಣದಲ್ಲೇ, ದಾಟಿದ ಸಾಲಿನಲ್ಲೇ, ಪ್ರೋಗ್ರಾಮು ಬೀಳುತ್ತಿತ್ತು. ತೊಂಬತ್ತರ ದಶಕದ ಮೊದಲಲ್ಲಿ ರೀಡ್ ಹೇಸ್ಟಿಂಗ್ಸ್ ಮತ್ತು ಬಾಬ್ ಜಾಯ್ಸ್ ಪ್ಯೂರಿಫೈ ತಂದರು. ಪ್ರತಿ ಬೈಟಿಗೂ ಎರಡು ಬಿಟ್‌ಗಳ ಗುರುತಿಟ್ಟು, ಇದು ಯಾರಿಗೂ ಕೊಡದ ಜಾಗ, ಇದು ಕೊಟ್ಟರೂ ಏನೂ ಬರೆಯದ ಜಾಗ, ಇದು ಬರೆದ ಜಾಗ ಎಂದು ಅದು ಲೆಕ್ಕವಿಡುತ್ತಿತ್ತು. ಆ ಹೇಸ್ಟಿಂಗ್ಸರೇ ಮುಂದೆ ನೆಟ್‌ಫ್ಲಿಕ್ಸ್ ಸ್ಥಾಪಿಸಿದವರಲ್ಲಿ ಒಬ್ಬರು. 2002ರಲ್ಲಿ ಜೂಲಿಯನ್ ಸೀವರ್ಡರ ವಾಲ್‌ಗ್ರಿಂಡ್ ಬಂದು ಇಂಥದ್ದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಹತ್ತು ವರ್ಷದ ಬಳಿಕ ಗೂಗಲಿನವರ ಅಡ್ರೆಸ್ ಸ್ಯಾನಿಟೈಸರ್, ಎಂಟು ಬೈಟಿಗೆ ಒಂದರಂತೆ ನೆರಳು ಬೈಟು ಇಟ್ಟು ಅದನ್ನೇ ಬಲು ವೇಗವಾಗಿ ಮಾಡತೊಡಗಿತು. ಆದರೂ ವಾಲ್‌ಗ್ರಿಂಡಿನ ಹೆಸರಾಂತ ಪರಿಶೀಲಕಕ್ಕೆ ನನ್ನ 1995ರ ತಪ್ಪನ್ನು ಕೊಟ್ಟಿದ್ದರೆ ಅದಕ್ಕೂ ಕಾಣುತ್ತಿರಲಿಲ್ಲ. ಹೆಸರೂ ಹಣವೂ ಒಂದೇ ದಾಖಲೆಯ ಒಳಗಿದ್ದವು. ಹೊರಗಿನ ಬೇಲಿ ದಾಟಿರಲಿಲ್ಲ, ಮನೆಯೊಳಗೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿತ್ತು. ಅದನ್ನು ಕಂಡದ್ದು ನೋಟುಪುಸ್ತಕ.

*

ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರು, ಬೈಯಲಿಲ್ಲ. "ಸರಿ ಮಾಡಿಬಿಡಿ" ಎಂದರು. ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಾಯಿಸಿದೆ, 20 ಇದ್ದದ್ದು 19 ಆಯಿತು. ಮೂರು ಖಾತೆಗಳನ್ನು ರಾಯರ ಪುಸ್ತಕ ನೋಡಿ ತಿದ್ದಿದೆವು. ಪರಿಶೋಧಕರು ತಾಳೆಯಾಯಿತೆಂದು ರುಜು ಹಾಕಿದರು. ನಿರ್ದೇಶಕ ಮಂಡಳಿಯ ನಡಾವಳಿ ಪುಸ್ತಕದಲ್ಲಿ "ತಾಂತ್ರಿಕ ದೋಷದಿಂದ ಉಂಟಾದ ವ್ಯತ್ಯಾಸವನ್ನು ಸರಿಪಡಿಸಲಾಗಿದೆ" ಎಂದು ಒಂದು ಸಾಲು ಬರೆದರು.

ಆ ಸಾಲಿನಲ್ಲಿ ಕರ್ತೃಪದ ಇಲ್ಲದಿರುವುದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಸಮಾಧಾನವೇ ಆಗುತ್ತಿತ್ತು. ತಪ್ಪು ರಾಯರದೆಂದು ಎಣಿಸಿದ್ದ ಆ ಕೆಲವು ದಿನ ಅದಕ್ಕೊಂದು ಹೆಸರಿತ್ತು, ಮುಖವಿತ್ತು, ಹೋಟೆಲಿನಲ್ಲಿ ನಗು ಇತ್ತು. ತಪ್ಪು ನನ್ನದೆಂದು ತಿಳಿದ ಕೂಡಲೇ ಅದು ತಾಂತ್ರಿಕ ದೋಷವಾಯಿತು. ಸೆಪ್ಟೆಂಬರಿನ ಸರ್ವಸಾಧಾರಣ ಸಭೆಯಲ್ಲಿ ನಾನೂ ಕೂತಿದ್ದೆ. ಎದ್ದು ನಿಂತು ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಪಕ್ಕದ ಎರಡು ಸಂಘಗಳು ನನ್ನ ಪ್ರೋಗ್ರಾಮು ಕೊಳ್ಳುವ ಮಾತಾಡುತ್ತಿದ್ದವು. ರಾಯರು ಮರುವರ್ಷ ನಿವೃತ್ತರಾದರು. ನನ್ನ ಮೇಲೆ ಅವರಿಗೆ ಸಿಟ್ಟಿದ್ದಂತೆ ಎಂದೂ ಕಾಣಲಿಲ್ಲ. ದಾರಿಯಲ್ಲಿ ಸಿಕ್ಕರೆ ತಮ್ಮಾ ಎಂದೇ ಮಾತಾಡಿಸುತ್ತಿದ್ದರು. ಹೋಟೆಲಿನ ಆ ಮೇಜಿನವರಿಗೆ ನಡಾವಳಿ ಪುಸ್ತಕದ ಸಾಲು ತಲುಪಿತೋ ಇಲ್ಲವೋ, ನಾನು ವಿಚಾರಿಸಲಿಲ್ಲ.

2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಟೋನಿ ಹೋರ್ ಎಂಬ ಹಿರಿಯ ಗಣಕ ವಿಜ್ಞಾನಿ ಮಾತಾಡಿದರು. 1965ರಲ್ಲಿ ಆಲ್ಗಾಲ್ ಡಬ್ಲ್ಯು ಎಂಬ ಭಾಷೆಯನ್ನು ರೂಪಿಸುವಾಗ, ಎಲ್ಲಿಗೂ ತೋರಿಸದ ನಲ್ ಎಂಬ ವಿಳಾಸವನ್ನು ಸೇರಿಸಿದವರು ತಾವು. ಸೇರಿಸುವುದು ಬಹಳ ಸುಲಭವಾಗಿತ್ತು, ಅದಕ್ಕೇ ಸೇರಿಸಿದೆ ಎಂದರು. ನಲವತ್ತು ವರ್ಷಗಳಲ್ಲಿ ಅದರಿಂದ ಆದ ನಷ್ಟ ಶತಕೋಟಿ ಡಾಲರಿನದಿರಬೇಕೆಂದು ಅಂದಾಜಿಸಿ, ಅದನ್ನು ತನ್ನ ತಪ್ಪೆಂದೇ ಕರೆದರು. ಅವರ ಮೇಲೆ ಯಾರೂ ದೂರು ಹೊತ್ತು ಬಂದಿರಲಿಲ್ಲ. ತ್ವರಿತ ವಿಂಗಡಣೆಯ ಕ್ರಮ ಕಂಡುಹಿಡಿದವರೆಂದು ಲೋಕ ಅವರನ್ನು ಹೊಗಳುತ್ತಿತ್ತು, ಸುಮ್ಮನಿದ್ದರೆ ನಡೆಯುತ್ತಿತ್ತು. ಆ ಭಾಷಣದ ವಿಷಯ ಓದಿದಾಗ ನನಗೆ ಸೆಪ್ಟೆಂಬರಿನ ಸಭೆ ನೆನಪಾಯಿತು. ಅಷ್ಟರಲ್ಲಿ ರಾಯರು ತೀರಿಕೊಂಡು ಐದು ವರ್ಷವಾಗಿತ್ತು.

*

ಇಂದು ಗಡಿಯನ್ನು ಭಾಷೆಯೇ ಕಾಯುವ ಕಾಲ ಬಂದಿದೆ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ತಪ್ಪು ಹೊರಬಿತ್ತು. ಕೇಳಿದಷ್ಟು ಉದ್ದ ನಿಜವಾಗಿ ಇದೆಯೇ ಎಂದು ನೋಡದೆ, ಒಂದೊಂದು ಸಲಕ್ಕೆ 64 ಕಿಲೋಬೈಟಿನ ತನಕ ಪಕ್ಕದವರ ಗುಟ್ಟನ್ನು ಓದಿ ಒಪ್ಪಿಸುತ್ತಿದ್ದ ತಪ್ಪು ಅದು. ಮೈಕ್ರೋಸಾಫ್ಟಿನವರು 2019ರಲ್ಲಿ ತಮ್ಮ ತಂತ್ರಾಂಶಗಳ ಭದ್ರತಾ ದೋಷಗಳಲ್ಲಿ ಸುಮಾರು ನೂರಕ್ಕೆ 70ರಷ್ಟು ಇಂಥ ಸ್ಮೃತಿಯ ತಪ್ಪುಗಳೇ ಎಂದರು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆ, ಯಾವ ಜಾಗ ಯಾರ ಒಡೆತನದ್ದು ಎಂಬ ಪಹಣಿಯನ್ನು ಮೊದಲೇ ಕೇಳುತ್ತದೆ. ಸರಿಯಿಲ್ಲದಿದ್ದರೆ ಪ್ರೋಗ್ರಾಮನ್ನು ಸಿದ್ಧಪಡಿಸುವುದೇ ಇಲ್ಲ. ಆದರೂ ಸಿ ಭಾಷೆಯಲ್ಲಿ ಬರೆದದ್ದು ಲೋಕದಲ್ಲಿ ಎಷ್ಟಿದೆಯೆಂದರೆ ಅದನ್ನೆಲ್ಲ ಬದಲಿಸುವುದು ನಮ್ಮ ತಲೆಮಾರಿನ ಕೆಲಸವಲ್ಲ.

2024ರ ಜುಲೈ 19ರಂದು ಜಗತ್ತಿನ ವಿಮಾನ ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳ ಕಂಪ್ಯೂಟರುಗಳು ಒಂದೇ ಹೊತ್ತಿಗೆ ನೀಲಿ ಪರದೆ ತೋರಿಸಿ ನಿಂತವು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಪರಿಷ್ಕರಣೆ ಅದಕ್ಕೆ ಕಾರಣ. ಮುಂದಿನ ತಿಂಗಳು ಆ ಕಂಪನಿ ಪ್ರಕಟಿಸಿದ ವಿವರಣೆಯನ್ನು ಓದುತ್ತಿದ್ದಾಗ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಅವರ ಪ್ರೋಗ್ರಾಮಿಗೆ ಕೊಟ್ಟ ಮೌಲ್ಯಗಳು 20. ಅದು ಓದಲು ಹೋದದ್ದು 21ನೆಯದನ್ನು. ಇಪ್ಪತ್ತೊಂದನೆಯ ಗೂಡು ಅದರದ್ದಾಗಿರಲಿಲ್ಲ.

ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಹೆಸರು, ಎಲ್ಲಿಂದ ಎಲ್ಲಿಗೆ, ಆಸನದ ಸಂಖ್ಯೆ, ಎಲ್ಲ ನೀಲಿ ಶಾಯಿಯಲ್ಲಿ. ಆ ಚೀಟಿಗಳ ಚಿತ್ರ ಕಂಡವರು ಬಹಳ ನಕ್ಕರು. ನನಗೆ ಅದರಲ್ಲಿ ಕಂಡದ್ದು ಆ ಹಳೆಯ ನೋಟುಪುಸ್ತಕ. ಗಣಕ ಎಂಬ ಪದವನ್ನು ಈಗ ನಾವು ಯಂತ್ರಕ್ಕೆ ಕೊಟ್ಟಿದ್ದೇವೆ. ಹಿಂದೆ ಅದು ಲೆಕ್ಕ ಬರೆಯುವ ಮನುಷ್ಯನ ಹೆಸರಾಗಿತ್ತು. ಆ ಸಂಘದ ನಡಾವಳಿಯಲ್ಲಿ ಬಿಟ್ಟುಹೋದ ಕರ್ತೃಪದವನ್ನು ಇಷ್ಟು ವರ್ಷದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ: ತಪ್ಪು ನನ್ನದು, ಅದನ್ನು ಹಿಡಿದವರು ರಾಯರು.